ನೋಡೂ ಸ್ಪೀಡ್ ಬ್ಯಾರೆ, ಕಳಸೂ ಸ್ಪೀಡ್ ಬ್ಯಾರೆ

ಅಕ್ಕಾರ, ವೈನಿಯಾರ, ನಮ್ಮ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಹೆಣ್ಣಮಕ್ಕಳು ಈಗ ಬರೇ ವಿಡಿಯೋ ನೋಡೋರಲ್ಲ. ರೊಟ್ಟಿ ಬಡಿಯೂದು, ಶೇಂಗಾ ಚಟ್ನಿ ಕುಟ್ಟೂದು, ಬೆಟಗೇರಿ ಮಗ್ಗದ ಸೀರಿ, ಎಲ್ಲಾ ವಿಡಿಯೋ ಮಾಡಿ ಏರಸ್ತಾರ. ಅದರಿಂದ ನಾಕ ದುಡ್ಡೂ ಬರತಾವು. ನೆಟ್ ಹಾಕಿಕೊಡೋರು ಮಾತ್ರ ನಾವಿನ್ನೂ ಧಾರಾವಾಹಿ ನೋಡಕೋತ ಕುಂತೀವಿ ಅಂತನ ತಿಳದಾರ.

"100 ಎಂಬಿಪಿಎಸ್ ಐತ್ರಿ ಅಮ್ಮಾರ" ಅಂತಾರ. ಅದು ಸೆಕೆಂಡಿಗೆ 100 ಮೆಗಾಬಿಟ್. ಫೋನಿನ್ಯಾಗ ವಿಡಿಯೋ ಅಳಿಯೂದು ಮೆಗಾಬೈಟ್ ಲೆಕ್ಕದಾಗ. 8 ಬಿಟ್ ಕೂಡಿದ್ರ 1 ಬೈಟ್. ಹಂಗಂದ್ರ ಸೆಕೆಂಡಿಗೆ ಬರೂದು ಹನ್ನೆರಡೂವರಿ ಮೆಗಾಬೈಟ್ ಅಷ್ಟ. 40 ಗುಂಟೆ ಹೊಲಾ ತೋರಿಸಿ 40 ಎಕರೆ ಅಂದ್ರ ನಮ್ಮ ಮನ್ಯಾಗ ಯಾರರ ಒಪ್ಪತಾರೇನು?

ಅದೂ ಇಳಿಸೂ ಸ್ಪೀಡ್. ಏರಿಸೂದು ಬ್ಯಾರೇನ ಇರತೈತಿ. ಮೊಬೈಲ್ ನೆಟ್‌ನ್ಯಾಗಂತೂ ನಳಾ ದಪ್ಪ, ಬಚ್ಚಲ ಮೋರಿ ಸಣ್ಣ ಇದ್ದಂಗ. 300 ಮೆಗಾಬೈಟ್ ವಿಡಿಯೋ ಅಂದ್ರ 2400 ಮೆಗಾಬಿಟ್. ಏರಿಸೂ ಸ್ಪೀಡ್ 2 ಇದ್ರ 20 ನಿಮಿಷ ಬೇಕು, 20 ಇದ್ರ 2 ನಿಮಿಷ ಸಾಕು. ನಮ್ಮ ಓಣ್ಯಾಗಿನ ಒಬ್ಬಾಕಿಗೆ ವಿಡಿಯೋ ಹೋಗವಲ್ದು ಅಂದಾಗ ಅಂಗಡಿ ಹುಡುಗ "ಫೋನ್ ಹಳೇದಾಗೇತಿ, ಹೊಸಾದು ತೊಗೋರಿ" ಅಂದ. ಫೋನ್ ಛಲೋನ ಇತ್ತು, ಏರಿಸೂ ಸ್ಪೀಡ್ ಒಂದೂವರಿ ಇತ್ತು. ಹದಿನೈದು ಸಾವಿರ ಸುಮ್ಮನ ಹೋಗತಿತ್ತು.

ಸರಕಾರದ ಲೆಕ್ಕಾನೂ ಹಂಗ ಐತಿ. 2023ರಾಗ ಬ್ರಾಡ್‌ಬ್ಯಾಂಡ್ ಅಂದ್ರ ಕಡಿಮಿ ಅಂದ್ರೂ 2 ಎಂಬಿಪಿಎಸ್ ಇರಬೇಕು ಅಂದ್ರು, ಮೊದಲ 512 ಕೆಬಿಪಿಎಸ್ ಇತ್ತು. ಛಲೋ ಆತು. ಆದ್ರ ಅದು ಇಳಿಸೂ ಸ್ಪೀಡ್ ಅಷ್ಟ. ಏರಿಸೋರ ಹೆಸರ ಇಲ್ಲ.

ದಿನಾ 2 ಜಿಬಿ ಪ್ಯಾಕ್ ಹಾಕಿಸಿದವರು ಒಂದು ಲೆಕ್ಕಾ ನೆನಪಿಡ್ರಿ. ದೊಡ್ಡ ಚಿತ್ರದ ವಿಡಿಯೋಕ್ಕ ಸುಮಾರು 5 ಎಂಬಿಪಿಎಸ್ ಬೇಕು, ಒಂದು ತಾಸಿಗೆ ಎರಡೂಕಾಲು ಜಿಬಿ ನುಂಗತೈತಿ. ಮೊಮ್ಮಕ್ಕಳು ಮುಂಜಾನೆ ಕಾರ್ಟೂನ್ ನೋಡಿದ್ರ ಸಂಜೀಕ ನಿಮ್ಮ ರೊಟ್ಟಿ ವಿಡಿಯೋಕ್ಕ ಏನೂ ಉಳಿಯೂದಿಲ್ಲ. ಮೊದಲ ನಿಮ್ಮ ಕೆಲಸಾ ಮುಗಿಸ್ರಿ, ಆಮ್ಯಾಲೆ ಫೋನ್ ಕೊಡ್ರಿ.

ಏರಿಸೂ ಸ್ಪೀಡನ್ನ ಇಳಿಸೂದರ ಬಾಜೂಕ, ಅಷ್ಟ ದಪ್ಪ ಅಕ್ಷರದಾಗ ಜಾಹೀರಾತಿನ್ಯಾಗ ಬರೀಬೇಕು ಅಂತೀನಿ ನಾನು. ಅಲ್ಲೀತನಕಾ ನೆಟ್ ಹಾಕಾಕ ಬಂದವನ್ನ ಬಾಗಲದಾಗ ನಿಲ್ಲಿಸಿ "ಅಪ್‌ಲೋಡ್ ಎಷ್ಟೋ ತಮ್ಮಾ?" ಅಂತ ಕೇಳ್ರಿ. ಬಾಯಿಮಾತು ಬ್ಯಾಡ, ಚೀಟಿ ಮ್ಯಾಲೆ ಬರಸಕೊಳ್ರಿ. ಸಂಜೀಕ ಎಲ್ಲಾರ ಮನ್ಯಾಗ ನೆಟ್ ನಡದಾಗ ಫೋನಿನ್ಯಾಗ ಸ್ಪೀಡ್ ಟೆಸ್ಟ್ ಹಚ್ಚಿ, ಎರಡನೇ ಅಂಕಿ ಎಷ್ಟ ಬರತೈತಿ ನೋಡ್ರಿ.