ಎಣ್ಣೂರು ಕೇಳುವ ಪ್ರತಿಕ್ರಮಣ

2020ರ ಏಪ್ರಿಲ್ 5ರ ರಾತ್ರಿ ಒಂಬತ್ತು ಗಂಟೆಗೆ ದೇಶದ ಮನೆಮನೆಗಳಲ್ಲಿ ಒಂಬತ್ತು ನಿಮಿಷ ವಿದ್ಯುದ್ದೀಪ ಆರಿಸಿ ಹಣತೆ ಹಚ್ಚಲಾಯಿತು. ಮರುದಿನ ಮಹಾವೀರ ಜಯಂತಿ. ಮೆರವಣಿಗೆಯಿರಲಿಲ್ಲ, ಸಾಮೂಹಿಕ ಪೂಜೆಯಿರಲಿಲ್ಲ. ಮನೆಯೊಳಗೆ ಕುಳಿತು ಮೊಬೈಲಿನಲ್ಲಿ ಅಪರಿಗ್ರಹದ ಪ್ರವಚನ ಕೇಳಿದ ಶ್ರಾವಕರಲ್ಲಿ, ಆರಿಸಿ ಹಚ್ಚಿದ ಆ ವಿದ್ಯುತ್ತು ಎಲ್ಲಿಂದ ಬರುತ್ತದೆ, ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂದು ಕೇಳಿಕೊಂಡವರು ವಿರಳ. ಚೆನ್ನೈಯಲ್ಲಿ ನೆಲೆಸಿದ ಕನ್ನಡ ಜೈನ ಕುಟುಂಬಗಳ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ದೂರದಲ್ಲಿಲ್ಲ. ಅದು ಅದೇ ನಗರದ ಉತ್ತರ ತುದಿಯ ಎಣ್ಣೂರಿನಲ್ಲಿದೆ.

ಎಣ್ಣೂರು ಕೊಸಸ್ತಲೈ ನದಿ ಸಮುದ್ರ ಸೇರುವ ಅಳಿವೆಯ ಊರು. ಅದರ ಸುತ್ತ ಕಲ್ಲಿದ್ದಲಿನಿಂದ ನಡೆಯುವ ಉಷ್ಣ ವಿದ್ಯುತ್ ಸ್ಥಾವರಗಳಿವೆ. 2001ರಲ್ಲಿ ಕಾರ್ಯಾರಂಭ ಮಾಡಿದ ಬಂದರು ಮೊದಲಿಗೆ ಈ ಕಲ್ಲಿದ್ದಲಿಗಾಗಿಯೇ ಹುಟ್ಟಿತು. ಸುಟ್ಟ ಕಲ್ಲಿದ್ದಲಿನ ಹಾರುಬೂದಿ ಕೊಳವೆಗಳಿಂದ ಸೋರಿ ಅಳಿವೆಯ ತಳದಲ್ಲಿ ಕುಳಿತಿದೆ. ದಡದ ಮೀನುಗಾರರ ಕುಪ್ಪಗಳು ದಶಕಗಳಿಂದ ಇದರ ವಿರುದ್ಧ ದೂರುತ್ತಲೇ ಬಂದಿವೆ. ಲಾಕ್‌ಡೌನ್ ಜಾರಿಯಾದಾಗ ವಿದ್ಯುದುತ್ಪಾದನೆ ಅಗತ್ಯ ಸೇವೆಯೆಂದು ವಿನಾಯಿತಿ ಪಡೆಯಿತು. ನಗರದ ಮಧ್ಯಮವರ್ಗ ಮನೆಯಿಂದಲೇ ಕೆಲಸ ಮಾಡತೊಡಗಿತು. ಆ ಸ್ಥಾವರಗಳನ್ನೂ ಬಂದರುಗಳನ್ನೂ ಕಟ್ಟಲು ಒಡಿಶಾ, ಬಿಹಾರ, ಜಾರ್ಖಂಡ್‌ಗಳಿಂದ ಬರುವಂಥ ಕೂಲಿಕಾರರಿಗೆ ಕೆಲಸವೂ ನಿಂತಿತು, ಊರಿನ ದಾರಿಯೂ ಮುಚ್ಚಿತು.

ಆ ದಿನಗಳಲ್ಲಿ ಜೈನ ಸಂಘಗಳು, ಯುವಕ ಮಂಡಳಿಗಳು, ಮಹಿಳಾ ಸಮಾಜಗಳು ಊರೂರಲ್ಲಿ ಅನ್ನದ ಪೊಟ್ಟಣ, ದಿನಸಿ, ಔಷಧ ಹಂಚಿದವು. ಅದು ಸತ್ಯ, ಶ್ಲಾಘನೀಯವೂ ಹೌದು. ಆದರೆ ಆಹಾರದಾನದ ಛಾಯಾಚಿತ್ರಗಳ ಹಿಂದೆ ಅಡಗಿದ ಇನ್ನೊಂದು ಲೆಕ್ಕವಿದೆ. ದಾನ ಕೊಟ್ಟ ಕೈ ಅದೇ ತಿಂಗಳು ತನ್ನ ಅಂಗಡಿಯ, ಗೋದಾಮಿನ, ಕಾರ್ಖಾನೆಯ ಆಳಿಗೆ ಸಂಬಳ ಕೊಟ್ಟಿತೇ? ಈ ಪ್ರಶ್ನೆಯನ್ನು ಯಾವ ಸಭೆಯೂ ಕೇಳಲಿಲ್ಲ. ಹದಿಮೂರನೆಯ ಶತಮಾನದ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಅರ್ಹತೆಗಳನ್ನು ಎಣಿಸುವಾಗ ಮೊದಲಿಗೆ ಇರಿಸಿದ್ದು ದಾನವನ್ನಲ್ಲ, ನ್ಯಾಯದಿಂದ ಗಳಿಸಿದ ಧನವನ್ನು. ಗಳಿಕೆ ಶುದ್ಧವಾಗದೆ ದಾನ ಶುದ್ಧವಾಗದು.

ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರ ಐದು ಅತಿಚಾರಗಳನ್ನು ಹೇಳುತ್ತದೆ. ಅವು ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಇವು ದನಕರುಗಳ ವಿಷಯವೆಂದು ಹೇಳಿ ಮುಂದೆ ಸಾಗುವ ರೂಢಿ ಬೆಳೆದಿದೆ. ಎತ್ತಿಗೆ ಮೇವು ತಡೆದರೆ ವ್ರತಭಂಗ, ಮನುಷ್ಯನಿಗೆ ಕೂಲಿ ತಡೆದರೆ ವ್ಯವಹಾರಜಾಣ್ಮೆ ಎನ್ನುವ ಧರ್ಮ ಜಿನಧರ್ಮವಾಗಲಾರದು. ಸಾಂಕ್ರಾಮಿಕದ ಕಾಲದಲ್ಲಿ ಈ ಐದರಲ್ಲಿ ಮೂರು ಹಾಡಹಗಲೇ ನಡೆದವು.

ಮೊದಲನೆಯದು ಬಂಧ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಹಗ್ಗದಿಂದ ಕಟ್ಟುವುದೆಂಬಷ್ಟೇ ಅರ್ಥ ಹೇಳುವುದಿಲ್ಲ. ಜೀವಿಯು ತಾನು ಬಯಸಿದ ಸ್ಥಳಕ್ಕೆ ಹೋಗದಂತೆ ತಡೆಯುವುದೇ ಬಂಧವೆನ್ನುತ್ತಾರೆ. 2020ರ ಮೇ 5ರಂದು ಬೆಂಗಳೂರಿನಲ್ಲಿ ಕಟ್ಟಡ ನಿರ್ಮಾಣ ಉದ್ಯಮಿಗಳೊಡನೆ ಮುಖ್ಯಮಂತ್ರಿಗಳ ಸಭೆ ನಡೆದ ಬೆನ್ನಿಗೇ ಕರ್ನಾಟಕ ಸರ್ಕಾರ ಶ್ರಮಿಕ ರೈಲುಗಳನ್ನು ಬೇಡವೆಂದಿತು. ಊರಿಗೆ ಹೊರಟವರನ್ನು ಕಾಮಗಾರಿಗಾಗಿ ಹಿಡಿದಿಡುವ ಯತ್ನ ಅದು. ದೇಶವೆಲ್ಲ ಖಂಡಿಸಿದ ಮೇಲೆ ಎರಡು ಮೂರು ದಿನಗಳಲ್ಲಿ ನಿರ್ಧಾರ ಬದಲಾಯಿತು. ಪೂಜ್ಯಪಾದರನ್ನು ತನ್ನವರೆಂದು ಹೆಮ್ಮೆಪಡುವ ಕನ್ನಡ ಜೈನ ಸಮಾಜದಿಂದ ಆ ದಿನಗಳಲ್ಲಿ ಅವರ ವ್ಯಾಖ್ಯಾನವನ್ನು ನೆನಪಿಸುವ ಗಟ್ಟಿದನಿ ಬರಬೇಕಾಗಿತ್ತು. ಬರಲಿಲ್ಲ.

ಎರಡನೆಯದು ಅನ್ನಪಾನನಿರೋಧ. ಮುಚ್ಚಿದ ಅವಧಿಗೂ ಪೂರ್ಣ ವೇತನ ಕೊಡಬೇಕೆಂದು ಕೇಂದ್ರ ಗೃಹ ಸಚಿವಾಲಯ ಮಾರ್ಚ್ 29ರಂದು ಆದೇಶಿಸಿತ್ತು; ಮೇ 18ರಿಂದ ಆ ಆದೇಶ ಜಾರಿಯಲ್ಲಿ ಉಳಿಯಲಿಲ್ಲ. ಅನೇಕ ಮಾಲೀಕರು ನಿಟ್ಟುಸಿರು ಬಿಟ್ಟರು. ಆದರೆ ಕಾನೂನು ಹಿಂದೆ ಸರಿಯುವ ಎಡೆಯಲ್ಲೇ ವ್ರತದ ಕೆಲಸ ಆರಂಭವಾಗುತ್ತದೆ. ದಂಡದ ಭಯವಿರುವವರೆಗೆ ಮಾತ್ರ ಪಾಲಿಸುವುದಾದರೆ ಅದಕ್ಕೆ ವ್ರತವೆಂಬ ಹೆಸರೇಕೆ?

ಮೂರನೆಯದು ಅತಿಭಾರಾರೋಪಣ. ಇದನ್ನು ಕಾಣಲು ಎಣ್ಣೂರಿಗೇ ಹೋಗಬೇಕು. ಒಂದೇ ಅಳಿವೆಯ ಮೇಲೆ ಒಂದು ಮಹಾನಗರದ ಬೆಳಕು, ಸರಕು, ರಸಗೊಬ್ಬರ, ತೈಲಗಳ ಹೊರೆಯನ್ನೆಲ್ಲ ಹೇರಲಾಗಿದೆ. 2017ರ ಜನವರಿಯಲ್ಲಿ ಬಂದರಿನ ಹೊರಗೆ ಎರಡು ಹಡಗುಗಳು ಡಿಕ್ಕಿಯಾಗಿ ತೈಲ ಕಡಲಿಗೆ ಹರಿಯಿತು. ಸಾಂಕ್ರಾಮಿಕ ಮುಗಿದ ಮೇಲೆ, 2023ರ ಡಿಸೆಂಬರಿನ ಚಂಡಮಾರುತದ ನೆರೆಯೊಡನೆ ತೈಲ ಅಳಿವೆಗೇ ನುಗ್ಗಿತು. ಅದೇ ತಿಂಗಳ 26ರ ರಾತ್ರಿ ಕಡಲೊಳಗಿನ ಕೊಳವೆಯಿಂದ ಅಮೋನಿಯ ಸೋರಿ ಜನ ಮನೆಬಿಟ್ಟು ಓಡಿದರು. ಮೀನುಗಾರನ ಬಲೆಯನ್ನು ಕಂಡು ಮುಖ ತಿರುಗಿಸುವ ಶ್ರಾವಕನಿಗೆ, ಬೂದಿ ಮತ್ತು ಎಣ್ಣೆಯಿಂದ ನಾಶವಾಗುವ ಜೀವರಾಶಿ ಕಣ್ಣಿಗೆ ಬೀಳುವುದಿಲ್ಲ. ಇದ್ದಲು ಸುಡುವುದನ್ನೂ ಕೆರೆಹೊಳೆಗಳನ್ನು ಬತ್ತಿಸುವುದನ್ನೂ ನಿಷಿದ್ಧ ಉದ್ಯೋಗಗಳ ಸಾಲಿನಲ್ಲಿ ಸೇರಿಸಿದ ಪರಂಪರೆಯ ಉತ್ತರಾಧಿಕಾರಿಯ ಉಳಿತಾಯದಲ್ಲಿ ಯಾವ ಯಾವ ಕಂಪನಿಗಳ ಷೇರುಗಳಿವೆಯೆಂದು ಅವನೇ ನೋಡಿಕೊಳ್ಳಲಿ. ಇದು ತಮಿಳುನಾಡಿನ ಪಾಡೆಂದು ತಳ್ಳಿಹಾಕುವಂತೆಯೂ ಇಲ್ಲ. ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿಯೂ ಕಲ್ಲಿದ್ದಲಿನ ಸ್ಥಾವರವಿದೆ. ಕಾರ್ಕಳದ ಬಾಹುಬಲಿ ಅಲ್ಲಿಂದ ಬಹುದೂರದಲ್ಲಿಲ್ಲ.

ಸಣ್ಣ ವ್ಯಾಪಾರಿಯೂ ಆಗ ನಷ್ಟದಲ್ಲಿದ್ದನಲ್ಲವೇ, ಅವನೆಲ್ಲಿಂದ ಕೊಡಬೇಕಿತ್ತು ಎಂಬ ಆಕ್ಷೇಪ ನ್ಯಾಯವಾದುದೇ. ಬಾಡಿಗೆ, ಬಡ್ಡಿ, ಮಕ್ಕಳ ಶುಲ್ಕಗಳ ನಡುವೆ ಕುಸಿದ ಅಂಗಡಿಗಳು ಅಸಂಖ್ಯ. ವ್ರತವು ಅಸಾಧ್ಯವನ್ನು ಬೇಡುವುದಿಲ್ಲ. ಲೆಕ್ಕದ ಪುಸ್ತಕವನ್ನು ಆಳಿನ ಮುಂದೆ ತೆರೆದಿಟ್ಟು, ಇದ್ದುದನ್ನು ಹಂಚಿಕೊಂಡು, ಉಳಿದುದನ್ನು ಬಾಕಿಯೆಂದು ಬರೆದುಕೊಳ್ಳಲು ಹೇಳುತ್ತದೆ. ವಲಸೆ ಕಾರ್ಮಿಕರ ಸಾವಿನ ಅಂಕಿಅಂಶ ತನ್ನಲ್ಲಿಲ್ಲವೆಂದು ಕೇಂದ್ರ ಸರ್ಕಾರ 2020ರ ಸೆಪ್ಟೆಂಬರಿನಲ್ಲಿ ಲೋಕಸಭೆಗೆ ತಿಳಿಸಿತು. ಸರ್ಕಾರಕ್ಕೆ ಲೆಕ್ಕ ಸಿಗದಿರಬಹುದು. ತಲೆತಲಾಂತರದಿಂದ ಕಿರ್ದಿ ಖಾತೆ ಬರೆದು ಬಂದ ಸಮಾಜ ಹಾಗೆ ಹೇಳುವಂತಿಲ್ಲ.

ಆದ್ದರಿಂದ ಆಗಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಆಳುಗಳನ್ನಿಟ್ಟುಕೊಂಡ ಪ್ರತಿಯೊಬ್ಬ ಶ್ರಾವಕನೂ ಅವರ ಮೂರು ತಿಂಗಳ ವೇತನಕ್ಕೆ ಸಾಲುವ ನಿಧಿಯನ್ನು ಪ್ರತ್ಯೇಕವಾಗಿರಿಸಲಿ. ಪರಿಗ್ರಹ ಪರಿಮಾಣದ ಮೊದಲ ಗೆರೆ ಅದಾಗಲಿ. ಪಂಚಕಲ್ಯಾಣದ ಸವಾಲು ಕೂಗುವ ಮುನ್ನ, ಕೂಗುವವನ ಬಳಿ ಯಾರ ಕೂಲಿಯೂ ಬಾಕಿಯಿಲ್ಲವೆಂಬುದನ್ನು ಸಂಘವು ಕೇಳಿ ತಿಳಿದುಕೊಳ್ಳಲಿ. ಹೊಸ ಬಸದಿ, ಸಭಾಭವನ ಕಟ್ಟಿಸುವ ಸಮಿತಿಗಳು ಗುತ್ತಿಗೆದಾರನ ದರದ ಜೊತೆಗೆ ಅವನ ಕೆಲಸಗಾರರ ನೋಂದಣಿ, ವಿಮೆ, ವಸತಿಗಳನ್ನೂ ಪರಿಶೀಲಿಸಲಿ. ಇವುಗಳಲ್ಲಿ ಯಾವುದಕ್ಕೂ ಶಾಸ್ತ್ರದ ಅಡ್ಡಿಯಿಲ್ಲ. ಅಡ್ಡಿಯಿರುವುದು ದೊಡ್ಡ ದಾನಿಯ ಮುಂದೆ ಬಾಯಿ ತೆರೆಯಲಾರದ ಸಂಕೋಚದಲ್ಲಿ.

2025ರ ಸೆಪ್ಟೆಂಬರ್ 30ರಂದು ಎಣ್ಣೂರಿನ ಹೊಸ ವಿದ್ಯುತ್ ಸ್ಥಾವರದ ನಿರ್ಮಾಣಸ್ಥಳದಲ್ಲಿ ಕಬ್ಬಿಣದ ಕಟ್ಟಣೆ ಕುಸಿದು ಒಂಬತ್ತು ಕೂಲಿಕಾರರು ಸತ್ತರು. ಅಸ್ಸಾಮಿನಿಂದ ದುಡಿಯಲು ಬಂದವರು ಅವರು. ಮಹಾಮಾರಿ ಕಲಿಸಿದ ಪಾಠಗಳ ಮಾತು ಎಷ್ಟೇ ಕೇಳಿಬಂದರೂ, ಬೆಳಕಿನ ಬೆಲೆ ತೆರುವವರು ಇಂದಿಗೂ ಅವರೇ. ಪ್ರತಿವರ್ಷ ದಶಲಕ್ಷಣ ಪರ್ವ ಮುಗಿದೊಡನೆ ಕ್ಷಮಾವಾಣಿಯ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿಯುತ್ತವೆ, ನೆಂಟರಿಂದ ನೆಂಟರಿಗೆ, ಸಮಾನರಿಂದ ಸಮಾನರಿಗೆ. ಈ ಸಲ ಒಂದು ಕ್ಷಮೆಯಾದರೂ ಗೋದಾಮಿನ ಹಮಾಲನ ಬಳಿಗೆ ಹೋಗಲಿ. ಬರಿಗೈಯಲ್ಲಿ ಹೋಗದಿರಲಿ, 2020ರ ಬಾಕಿಯನ್ನೂ ಕೊಂಡೊಯ್ಯಲಿ.