ತಾರೀಖು ಕಳೆಯೋದು ಎರಡು ಸಾಲಿನ ಕೆಲಸ ಅಂತೀರಾ?

ನಮ್ಮ ಸಾಫ್ಟ್‌ವೇರ್ ಮಂದಿಗೆ ಒಂದು ಚಟ ಇದೆ. ಏನೇ ಕೆಲಸ ಹೇಳಿ, "ಅಯ್ಯೋ ಅದಾ, ಎರಡು ಸಾಲಿನ ಕ್ವೆರಿ" ಅಂದುಬಿಡ್ತೀವಿ. ಒಂದು ಟೇಬಲ್ಲಿದೆ, ಅದರಲ್ಲಿ ಒಬ್ಬೊಬ್ಬರ ಹೆಸರಿಗೂ ನಾಲ್ಕಾರು ತಾರೀಖುಗಳಿವೆ, ಒಂದರಿಂದ ಇನ್ನೊಂದಕ್ಕೆ ಎಷ್ಟು ದಿನ ಅಂತ ಕಂಡುಹಿಡಿ ಅಂದರಂತೂ ಮುಗಿದೇ ಹೋಯ್ತು. ಹೆಸರಿನ ಪ್ರಕಾರ ಗುಂಪು ಮಾಡು, ತಾರೀಖಿನ ಪ್ರಕಾರ ಜೋಡಿಸು, ಈ ಸಾಲಿನ ತಾರೀಖಿನಿಂದ ಹಿಂದಿನ ಸಾಲಿನ ತಾರೀಖು ಕಳೆ. ಊಟಕ್ಕೆ ಮುಂಚೆ ಕೆಲಸ ಮುಗೀತು.

ನಾನು ಜಗಳ ತೆಗೀತಿರೋದು ಇದರ ಮೇಲೇ. ಈ ಲೆಕ್ಕದಲ್ಲಿ ಕಳೆಯೋದು ಸುಲಭ, ಯಾವುದರಿಂದ ಯಾವುದನ್ನ ಕಳೀಬೇಕು ಅನ್ನೋದು ಕಷ್ಟ. ಆ ಕಷ್ಟದ ಭಾಗವನ್ನ ನಾವು "ಅದು ನಮ್ಮ ಕೆಲಸ ಅಲ್ಲ" ಅಂತ ಬೇರೆಯವರ ಮೇಜಿಗೆ ತಳ್ಳಿ ಕಾಫಿ ಕುಡಿಯೋಕೆ ಹೋಗ್ತೀವಿ. ಅದರಿಂದ ನಷ್ಟ ಆಗೋರು ನಮ್ಮ ಆಫೀಸಿನ ಯಾರೂ ಅಲ್ಲ.

(ಕವಿತೆ ಬರೆಯೋ, ಅಡುಗೆ ಬರೆಯೋ, ಪ್ರವಾಸ ಬರೆಯೋ ಬ್ಲಾಗ್ ಮಿತ್ರರೇ, ದಯವಿಟ್ಟು ಪುಟ ಮುಚ್ಚಬೇಡಿ. ಕೋಡ್ ಒಂದು ಸಾಲೂ ಇಲ್ಲ, ಆಣೆ! :) )

ಮೊದಲು ತಾಂತ್ರಿಕ ವಿಷಯ ಮುಗಿಸಿಬಿಡೋಣ. ಎಕ್ಸೆಲ್‌ನಲ್ಲಾದರೆ ಹೆಸರು, ತಾರೀಖು ಎರಡರ ಪ್ರಕಾರ ಸಾರ್ಟ್ ಮಾಡಿ, "ಮೇಲಿನ ಸಾಲಿನಲ್ಲೂ ಇದೇ ಹೆಸರಿದ್ದರೆ ತಾರೀಖು ಕಳೆ, ಇಲ್ಲದಿದ್ದರೆ ಖಾಲಿ ಬಿಡು" ಅಂತ ಒಂದು ಫಾರ್ಮುಲಾ ಬರೆದು ಕೆಳಗಿನವರೆಗೆ ಎಳೆದರೆ ಆಯ್ತು. ಡೇಟಾಬೇಸ್‌ನಲ್ಲಾದರೆ ಇದಕ್ಕೇ ಅಂತ ಲ್ಯಾಗ್ ಅನ್ನೋ ಫಂಕ್ಷನ್ ಇದೆ. ಪೋಸ್ಟ್‌ಗ್ರೆಸ್‌ಗೆ ಇದು 2009ರಲ್ಲೇ ಬಂತು, ಮೈಎಸ್‌ಕ್ಯೂಎಲ್‌ಗೆ 2018ರಲ್ಲಿ. ಗುಂಪು ಮಾಡೋದು ಮರೆತರೆ ಲಕ್ಷ್ಮಮ್ಮನ ತಾರೀಖಿನಿಂದ ರಾಮಣ್ಣನ ತಾರೀಖು ಕಳೆದು ಕೂತಿರುತ್ತೆ. ತಾರೀಖನ್ನ ಅಕ್ಷರ ಅಂತ ತುಂಬಿಸಿದ್ದರೆ ಜನವರಿ 2018 ಬಂದು ಡಿಸೆಂಬರ್ 2017ಕ್ಕಿಂತ ಮುಂಚೆ ಕೂರುತ್ತೆ. ಎಸ್‌ಕ್ಯೂಎಲ್ ಸರ್ವರ್‌ನ ಡೇಟ್‌ಡಿಫ್‌ಗೆ ಡಿಸೆಂಬರ್ 31ರ ರಾತ್ರಿ ಹನ್ನೊಂದರಿಂದ ಜನವರಿ 1ರ ಬೆಳಗಿನ ಜಾವ ಒಂದಕ್ಕೆ ಎಷ್ಟು ವರ್ಷ ಅಂತ ಕೇಳಿ ನೋಡಿ, "1" ಅನ್ನುತ್ತೆ! ಎರಡು ಗಂಟೆ ಕಳೆದಿರೋದು ಅದಕ್ಕೆ ಲೆಕ್ಕಕ್ಕಿಲ್ಲ, ಕ್ಯಾಲೆಂಡರ್ ಬದಲಾಯ್ತಲ್ಲ, ಸಾಕು.

ಇವೆಲ್ಲ ಟೆಸ್ಟಿಂಗ್‌ನವರ ಕೈಗೆ ಸಿಗೋ ತಪ್ಪುಗಳು. ಅವರ ಕೈಗೂ ಸಿಗದೇ ಇರೋದು ಬೇರೆ ಇದೆ. ಸೋಮವಾರದಿಂದ ಬುಧವಾರಕ್ಕೆ ಎಷ್ಟು ದಿನ? ಕಂಪ್ಯೂಟರ್ ಎರಡು ಅನ್ನುತ್ತೆ. ಸೋಮವಾರ, ಮಂಗಳವಾರ, ಬುಧವಾರ ಮಣ್ಣು ಹೊತ್ತವಳು ಮೂರು ಅಂತಾಳೆ. ಇಬ್ಬರದ್ದೂ ಸರಿಯೇ. ಯಾಕೆ ಎಣಿಸ್ತಿದೀವಿ ಅನ್ನೋದು ಗೊತ್ತಾಗದೆ ಎಷ್ಟು ಅಂತ ಹೇಳೋಕಾಗಲ್ಲ.

ಮಣ್ಣು ಹೊರೋದರ ಮಾತು ಬಂತಲ್ಲ, ಅಲ್ಲಿಗೇ ಹೋಗೋಣ.

2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ, ನಮ್ಮ ಬಾಯಲ್ಲಿ ನರೇಗಾ. ಅದರಲ್ಲಿ ಒಂದು ಮಾತು ಸ್ಪಷ್ಟವಾಗಿ ಬರೆದಿತ್ತು: ಕೂಲಿಯನ್ನ ವಾರಕ್ಕೊಮ್ಮೆ ಕೊಡಬೇಕು, ಏನೇ ಆದರೂ ಕೆಲಸ ಮಾಡಿ ಹದಿನೈದು ದಿನ ದಾಟಬಾರದು. ದಾಟಿದರೆ ಪರಿಹಾರ. ಮಸ್ಟರ್ ರೋಲ್, ಅಂದರೆ ಹಾಜರಿ ಪಟ್ಟಿ, ಮುಚ್ಚಿದ ಹದಿನಾರನೇ ದಿನದಿಂದಾಚೆಗೆ ದಿನಕ್ಕೆ ಬಾಕಿ ಕೂಲಿಯ ಶೇ. 0.05. ಒಂದೂವರೆ ಸಾವಿರ ರೂಪಾಯಿ ಬಾಕಿ ಇದ್ದರೆ ದಿನಕ್ಕೆ 75 ಪೈಸೆ! ಐವತ್ತು ದಿನ ತಡವಾದರೆ 37 ರೂಪಾಯಿ 50 ಪೈಸೆ. ಇರ್ಲಿ, ಸಣ್ಣದಾದರೂ ಹಕ್ಕು ಹಕ್ಕೇ.

ಈಗ ಟೇಬಲ್ ನೋಡಿ. ಒಂದು ಹಾಜರಿ ಪಟ್ಟಿ, ಅದರಲ್ಲಿ ಒಬ್ಬ ಕೂಲಿಯಾಳು. ಇದು ನಮ್ಮ ಗುಂಪು. ಆ ಗುಂಪಿಗೆ ಸಾಲುಸಾಲಾಗಿ ತಾರೀಖುಗಳು: ಹಾಜರಿ ಪಟ್ಟಿ ಮುಚ್ಚಿದ್ದು, ಇಂಜಿನಿಯರ್ ಬಂದು ಅಳತೆ ಮಾಡಿದ್ದು, ಕೂಲಿ ಪಟ್ಟಿ ತಯಾರಾಗಿದ್ದು, ಹಣ ವರ್ಗಾವಣೆ ಆದೇಶಕ್ಕೆ ಮೊದಲ ಸಹಿ ಬಿದ್ದಿದ್ದು, ಎರಡನೇ ಸಹಿ ಬಿದ್ದಿದ್ದು, ಕೊನೆಗೆ ಖಾತೆಗೆ ದುಡ್ಡು ಬಿದ್ದಿದ್ದು. ಎರಡನೇ ಸಹಿಯವರೆಗಿನದ್ದು ರಾಜ್ಯದ, ಪಂಚಾಯ್ತಿಯ ಕೆಲಸ. ಅಲ್ಲಿಂದಾಚೆಗೆ ಕೇಂದ್ರ ಹಣ ಬಿಡಬೇಕು, ಬ್ಯಾಂಕು ಜಮಾ ಮಾಡಬೇಕು.

ಹಾಗಾದರೆ "ತಡ" ಅಂದರೆ ಎಲ್ಲಿಂದ ಎಲ್ಲಿಗೆ ಸ್ವಾಮಿ? ಯಾವ ಅಜ್ಜಿಯನ್ನ ಕೇಳಿದರೂ "ದುಡ್ಡು ಕೈಗೆ ಬರೋವರೆಗೆ" ಅಂತಾಳೆ. ಸರ್ಕಾರದ ಸಾಫ್ಟ್‌ವೇರ್ ಪರಿಹಾರದ ಲೆಕ್ಕ ಹಾಕಿದ್ದು ಎರಡನೇ ಸಹಿಯವರೆಗೆ. ಅಲ್ಲಿಗೆ ಗಡಿಯಾರ ಬಂದ್! ಆಮೇಲೆ ದುಡ್ಡು ತಿಂಗಳುಗಟ್ಟಲೆ ಎಲ್ಲೋ ನಿಂತರೂ ಆ ದಿನಗಳು ತಡದ ಲೆಕ್ಕಕ್ಕೆ ಬರಲಿಲ್ಲ. ಪರಿಹಾರವೂ ಇಲ್ಲ, ಆ 75 ಪೈಸೆ ಕೂಡ.

ಇದನ್ನ ಹಿಡಿದವರು ಪತ್ತೇದಾರರಲ್ಲ, ಕೂತು ಕಳೆದವರು. ನಮ್ಮ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ರಾಜೇಂದ್ರನ್ ನಾರಾಯಣನ್ ಮತ್ತು ಸಂಗಡಿಗರು 2016–17ರ ಸಾಲಿನ, ಹತ್ತು ರಾಜ್ಯಗಳ, ಸುಮಾರು 90 ಲಕ್ಷ ಪಾವತಿಗಳನ್ನ ತೆಗೆದುಕೊಂಡು ಹೊಸದಾಗಿ ಲೆಕ್ಕ ಹಾಕಿದರು. ಈ ಸಲ ಕೊನೆಯ ತಾರೀಖು ಖಾತೆಗೆ ದುಡ್ಡು ಬಿದ್ದ ದಿನ. ಹೊತ್ತಿಗೆ ಸರಿಯಾಗಿ ಬಂದಿದ್ದು ಎಷ್ಟು ಗೊತ್ತಾ? ಶೇ. 21. ಅಂದರೆ ಐದರಲ್ಲಿ ಹತ್ತಿರ ಹತ್ತಿರ ನಾಲ್ಕು ಪಾವತಿ ತಡ. ಕೇಂದ್ರದ ಹಣಕಾಸು ಸಚಿವಾಲಯವೇ 2017ರ ಆಗಸ್ಟಿನ ಒಂದು ಟಿಪ್ಪಣಿಯಲ್ಲಿ ತಡದ ಕಾರಣಗಳನ್ನ ಪಟ್ಟಿ ಮಾಡುವಾಗ ಹಣ ಲಭ್ಯವಿಲ್ಲದಿರೋದನ್ನೂ ಸೇರಿಸಿತ್ತು. ಕೊನೆಗೆ ಸ್ವರಾಜ್ ಅಭಿಯಾನ್ ಪ್ರಕರಣದಲ್ಲಿ 2018ರ ಮೇ 18ರಂದು ಸುಪ್ರೀಂ ಕೋರ್ಟು, ಎರಡನೇ ಸಹಿಯ ನಂತರದ ತಡಕ್ಕೂ ಕೂಲಿಯಾಳಿಗೆ ಪರಿಹಾರದ ಹಕ್ಕಿದೆ, ರಾಜ್ಯಗಳ ಹಿಂದೆ ನಿಂತು ಕೇಂದ್ರ ನುಣುಚಿಕೊಳ್ಳೋ ಹಾಗಿಲ್ಲ ಅಂದಿತು.

ಯೋಚಿಸಿ ನೋಡಿ. ಒಂದು ಮೈನಸ್ ಚಿಹ್ನೆಯ ಎಡಕ್ಕೆ ಯಾವ ಕಾಲಂ ಬರಬೇಕು ಅನ್ನೋದನ್ನ ತೀರ್ಮಾನಿಸೋಕೆ ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ ಹೋಗಬೇಕಾಯ್ತು! ಆ ಕ್ವೆರಿ ಬರೆದವನೂ ಅವತ್ತು "ಎರಡು ಸಾಲಿನ ಕೆಲಸ" ಅಂತಲೇ ಅಂದಿರ್ತಾನೆ.

ಕೊನೆಯ ತಾರೀಖಿನ ಕಥೆ ಇದಾಯ್ತು. ಮೊದಲ ತಾರೀಖಿನದ್ದು ಇನ್ನೂ ಚೆಂದ. ಇದೇ ಕಾಯ್ದೆಯಲ್ಲಿ, ಕೆಲಸ ಬೇಕು ಅಂತ ಅರ್ಜಿ ಕೊಟ್ಟ ಹದಿನೈದು ದಿನದಲ್ಲಿ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕಿತ್ತು. ಅರ್ಜಿ ತಗೊಂಡು ತಾರೀಖು ಹಾಕಿದ ರಸೀದಿ ಕೊಡದೇ ಹೋದರೆ? ಮೊದಲ ತಾರೀಖೇ ಇಲ್ಲ, ಕಳೆಯೋದೆಲ್ಲಿಂದ ಬಂತು? ನಮ್ಮ ರಾಜ್ಯದ ಸಕಾಲ ಯೋಜನೆ ಗೊತ್ತಲ್ಲ, 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿಗೆ ಬಂದದ್ದು. ಅರ್ಜಿಗೆ 15 ಅಂಕಿಯ ಒಂದು ನಂಬರ್, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ. ಒಳ್ಳೆಯ ಕಾಯ್ದೆ, ಎರಡು ಮಾತಿಲ್ಲ. ಆದರೆ ಗಡಿಯಾರ ಶುರುವಾಗೋದು ಆ ನಂಬರ್ ಸಿಕ್ಕ ಮೇಲೆ. ನಮ್ಮಪ್ಪ ಒಂದು ಪ್ರಮಾಣಪತ್ರಕ್ಕೆ ಅಂತ ಒಂದು ಕಚೇರಿಗೆ ಮೂರು ಸಲ ಹೋಗಿ ಬಂದರು. "ಸರ್ವರ್ ಡೌನು, ಸೋಮವಾರ ಬನ್ನಿ ಯಜಮಾನ್ರೇ." "ಆಪರೇಟರ್ ರಜಾ." "ಈ ಜೆರಾಕ್ಸ್ ಸಾಲಲ್ಲ." ನಾಲ್ಕನೇ ಸಲ ಅರ್ಜಿ ತಗೊಂಡರು, ಗಡುವಿನೊಳಗೇ ಪ್ರಮಾಣಪತ್ರವನ್ನೂ ಕೊಟ್ಟರು. ಟೇಬಲ್ಲಿನ ಪ್ರಕಾರ ನಮ್ಮಪ್ಪನ ಕೆಲಸ ಗಡುವಿಗೆ ಮುಂಚೆಯೇ ಆಗಿದೆ. ಹಿಂದಿನ ಮೂರು ಬಸ್ ಟಿಕೆಟ್ಟಿಗೆ ಯಾವ ಟೇಬಲ್ಲಿನಲ್ಲೂ ಸಾಲಿಲ್ಲ.

ಇನ್ನು ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸೋದು ಮೂರನೆಯದು, ಖಾಲಿ ಮನೆ. ಎರಡನೇ ತಾರೀಖು ಇನ್ನೂ ಬಂದೇ ಇಲ್ಲದವರ ಸಾಲಿನಲ್ಲಿ ಅಂತರದ ಜಾಗದಲ್ಲಿ ನಲ್ ಅಂತ ಬರುತ್ತೆ. ನಲ್ ಅಂದರೆ ಸೊನ್ನೆ ಅಲ್ಲ, "ಗೊತ್ತಿಲ್ಲ" ಅಂತ. ಸರಾಸರಿ ತೆಗೆಯೋ ಫಂಕ್ಷನ್ ನಲ್ ಇರೋ ಸಾಲನ್ನ ಸದ್ದಿಲ್ಲದೆ ಬಿಟ್ಟುಬಿಡುತ್ತೆ. ನಾಲ್ಕು ಜನ ಇದ್ದಾರೆ ಅಂದುಕೊಳ್ಳಿ. ಮೂವರಿಗೆ 10, 12, 14 ದಿನದಲ್ಲಿ ದುಡ್ಡು ಬಂತು. ನಾಲ್ಕನೆಯವಳು ತೊಂಬತ್ತು ದಿನದಿಂದ ಕಾಯ್ತಾ ಇದ್ದಾಳೆ, ಇನ್ನೂ ಬಂದಿಲ್ಲ. ರಿಪೋರ್ಟ್ ಏನನ್ನುತ್ತೆ? "ಸರಾಸರಿ 12 ದಿನ." ಯಾರಿಗೆ ಅತಿ ಹೆಚ್ಚು ಅನ್ಯಾಯ ಆಗಿದೆಯೋ ಅವಳೇ ಲೆಕ್ಕದಿಂದ ಹೊರಗೆ! ಅವಳಿಗೆ ದುಡ್ಡು ಕೊಟ್ಟ ದಿನ ಸರಾಸರಿ ಧಡಕ್ಕನೆ 31ಕ್ಕೂ ಮೇಲೆ ಹಾರುತ್ತೆ. ಅಂದರೆ ರಿಪೋರ್ಟ್ ಚೆನ್ನಾಗಿ ಕಾಣಬೇಕಾದರೆ ಅವಳಿಗೆ ಕೊಡದೇ ಇರೋದೇ ವಾಸಿ. ಇಂಥ ರಿಪೋರ್ಟ್ ಬರೆದುಕೊಟ್ಟು ನಾವು "ಡೇಟಾ ಸುಳ್ಳು ಹೇಳಲ್ಲ" ಅಂತ ಭಾಷಣ ಬೇರೆ ಮಾಡ್ತೀವಿ.

ಬ್ಯಾಂಕ್ ಖಾತೆ ನಂಬರ್ ತಪ್ಪಿದ್ದಕ್ಕೋ ಆಧಾರ್ ಹೆಸರು ಹೊಂದದ್ದಕ್ಕೋ ಪಾವತಿ ತಿರಸ್ಕಾರ ಆಗಿ, ಮತ್ತೆ ಹೊಸ ಆದೇಶ ಹೊರಟರೂ ಇದೇ ಪಾಡು. ಹೊಸ ಆದೇಶವನ್ನ ಹೊಸ ಗುಂಪು ಅಂತ ಹಿಡಿದರೆ ಹಳೆಯ ದಿನಗಳು ಅಳಿಸಿಹೋಗ್ತವೆ. ಗುಂಪು ಮಾಡಬೇಕಾದ್ದು ಮನುಷ್ಯಳ ಕೆಲಸದ ಮೇಲೆ, ಕಾಗದದ ನಂಬರಿನ ಮೇಲಲ್ಲ.

ಇದನ್ನ ಹೇಳಿದಾಗಲೆಲ್ಲ ಸ್ನೇಹಿತರು ಎರಡು ಉತ್ತರ ಕೊಡ್ತಾರೆ.

ಒಂದು: "ರಿಕ್ವೈರ್‌ಮೆಂಟಿನಲ್ಲಿ ಇದ್ದದ್ದನ್ನ ಮಾಡಿದೆ ಗುರೂ, ನನಗ್ಯಾಕೆ ಊರ ಉಸಾಬರಿ?" ಅಲ್ಲಪ್ಪಾ, ರಿಕ್ವೈರ್‌ಮೆಂಟಿನಲ್ಲಿ ಇರೋದು "ಎಷ್ಟು ದಿನ ತಡ" ಅಂತ. ಅದನ್ನ ಎರಡು ಕಾಲಂ ಹೆಸರಾಗಿ ಮಾಡೋದು ನೀನು. ಅಷ್ಟು ಹೊತ್ತು ಆ ತೀರ್ಮಾನ ನಿನ್ನ ಕೈಯಲ್ಲೇ ಇರುತ್ತೆ. ಟೇಬಲ್ಲಿನಲ್ಲಿ ಇನ್ನೊಂದು ತಾರೀಖೂ ಇದೆ ಅಂತ ಕಣ್ಣಾರೆ ಕಂಡವನೂ ನೀನೇ, ಮೀಟಿಂಗಿನಲ್ಲಿ ಕೂತ ದೊಡ್ಡವರಲ್ಲ. "ಸಾರ್, ಯಾವ ತಾರೀಖಿನವರೆಗೆ?" ಅಂತ ಒಂದು ಮೈಲ್ ಹಾಕೋಕೆ ಯಾವ ಕಂಪನಿಯೂ ಕೆಲಸದಿಂದ ತೆಗೆಯಲ್ಲ.

ಇನ್ನೊಂದು: "ಎರಡನೇ ಸಹಿಯವರೆಗೆ ಲೆಕ್ಕ ಹಾಕಿದ್ದರಲ್ಲಿ ತಪ್ಪೇನು? ಪಂಚಾಯ್ತಿಯವರ ಕೆಲಸ ಅಳೆಯೋಕೆ ಅದೇ ಸರಿ." ಈ ಮಾತಿನಲ್ಲಿ ತೂಕ ಇದೆ, ಒಪ್ಪುತ್ತೇನೆ. ಕೇಂದ್ರ ದುಡ್ಡು ಬಿಡದಿದ್ದರೆ ಪಂಚಾಯ್ತಿ ಕಾರ್ಯದರ್ಶಿಯನ್ನ ಬೈಯೋದು ಅನ್ಯಾಯ. ಹಾಗಾದರೆ ಆ ಕಾಲಂಗೆ "ಸಹಿ ಬೀಳೋಕೆ ಹಿಡಿದ ದಿನ" ಅಂತ ಹೆಸರಿಡಿ. "ತಡವಾದ ದಿನ" ಅಂತ ಯಾಕಿಡ್ತೀರಿ? ಲೆಕ್ಕ ಸರಿಯಿದ್ದು ಹೆಸರು ತಪ್ಪಿದ್ದರೂ ಅದು ಸುಳ್ಳೇ.

ಹಾಗಾಗಿ ನಮ್ಮ ಫೀಲ್ಡಿನವರಿಗೆ ನನ್ನ ನಾಲ್ಕು ಬೇಡಿಕೆ:

1) ಕಾಲಂ ಹೆಸರಿನಲ್ಲೇ ಎಲ್ಲಿಂದ ಎಲ್ಲಿಗೆ ಅಂತ ಬರೆಯಿರಿ. ಹೆಸರು ಉದ್ದ ಆದರೆ ಆಗಲಿ.

2) ಎರಡನೇ ತಾರೀಖು ಇಲ್ಲದವರನ್ನ ಬಿಡಬೇಡಿ. ಇವತ್ತಿನ ತಾರೀಖಿನಿಂದ ಕಳೆದು "ಇನ್ನೂ ಕಾಯ್ತಿದ್ದಾರೆ, ಇಷ್ಟು ದಿನದಿಂದ" ಅಂತ ಬೇರೆಯಾಗಿ ತೋರಿಸಿ.

3) ಸರಾಸರಿ ಒಂದನ್ನೇ ಕೊಡಬೇಡಿ. ಎಲ್ಲರಿಗಿಂತ ಹೆಚ್ಚು ಕಾದವರು ಎಷ್ಟು ದಿನ ಕಾದರು ಅನ್ನೋದೂ ಪಕ್ಕದಲ್ಲೇ ಇರಲಿ.

4) ಮೂಲ ತಾರೀಖುಗಳನ್ನ ಅಳಿಸಬೇಡಿ, ಮುಚ್ಚಿಡಬೇಡಿ. ನರೇಗಾದ ಲೆಕ್ಕ ತಪ್ಪು ಅಂತ ತೋರಿಸೋಕೆ ಸಾಧ್ಯವಾಗಿದ್ದೇ ಅದರ ದಾಖಲೆಗಳು ವೆಬ್‌ಸೈಟಿನಲ್ಲಿ ಎಲ್ಲರಿಗೂ ತೆರೆದಿದ್ದರಿಂದ. ಆ ಮಟ್ಟಿಗೆ ಅದನ್ನ ಕಟ್ಟಿದ ಇಂಜಿನಿಯರುಗಳಿಗೆ ಒಂದು ನಮಸ್ಕಾರ. ಬರೀ ಅಂತರ ಉಳಿಸಿ ತಾರೀಖು ಎಸೆದಿದ್ದರೆ ಯಾರೂ ಮತ್ತೆ ಕಳೆದು ನೋಡೋಕೆ ಆಗ್ತಿರಲಿಲ್ಲ.

2025ರ ಡಿಸೆಂಬರಿನಲ್ಲಿ ಸಂಸತ್ತು ನರೇಗಾ ಜಾಗಕ್ಕೆ ಹೊಸ ಕಾಯ್ದೆಯನ್ನ ಪಾಸು ಮಾಡಿತು. ಅದು ಒಳ್ಳೆಯದೋ ಕೆಟ್ಟದ್ದೋ ಅನ್ನೋ ಜಗಳ ಬೇರೆ ಇದೆ, ಇಲ್ಲಿ ಬೇಡ. ಕಾಯ್ದೆ ಯಾವುದೇ ಆಗಲಿ, ಕೆಲಸ ಮಾಡಿದ ದಿನ ಒಂದಿರುತ್ತೆ, ದುಡ್ಡು ಬಂದ ದಿನ ಇನ್ನೊಂದಿರುತ್ತೆ. ಅವೆರಡರ ನಡುವೆ ಅಂಗಡಿ ಸಾಲ ಇರುತ್ತೆ, ಮಕ್ಕಳ ಸ್ಕೂಲ್ ಫೀಸು ಇರುತ್ತೆ. ಆ ಟೇಬಲ್ಲಿಗೂ ಯಾರೋ ಒಬ್ಬ ನಮ್ಮಂಥವನೇ ಕ್ವೆರಿ ಬರೀತಾನೆ. ಅವನು ಈ ಪುಟ ಓದ್ತಿದ್ದರೆ ಇಷ್ಟೇ ಕೇಳೋದು: ಕಳೆಯೋಕೆ ಮುಂಚೆ ಒಂದು ನಿಮಿಷ ನಿಲ್ಲು ಮಾರಾಯ. ನೀನು ಕಳೀತಿರೋದು ಬರೀ ತಾರೀಖಲ್ಲ, ಇನ್ನೊಬ್ಬರ ದಿನ.

ಒಪ್ಪದವರು ಧಾರಾಳವಾಗಿ ಬೈಯಿರಿ. ಆದರೆ ಯಾವ ತಾರೀಖಿನಿಂದ ಯಾವ ತಾರೀಖಿಗೆ ಅಂತ ಹೇಳಿ ಬೈಯಿರಿ :)