ನಪಾಸಾದವರಿಗೆ ಆಶ್ರಯವಿಲ್ಲವೇ?

ಬನಹಟ್ಟಿಯ ವೃದ್ಧ ನೇಕಾರರೊಬ್ಬರು ನನ್ನ ಹಳೆಯ ವಿದ್ಯಾರ್ಥಿಯ ಸೋದರಮಾವ. ಹೆಂಡತಿ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ಐವತ್ತು ವರ್ಷ ಮಗ್ಗ ತುಳಿದ ಮೊಣಕಾಲುಗಳು ಸೋತಿವೆ. ಕಳೆದ ವರ್ಷ ಅವರನ್ನು ಒಂದು ವೃದ್ಧಾಶ್ರಮಕ್ಕೆ ಕರೆದೊಯ್ದೆವು. ಅರ್ಜಿಯಲ್ಲಿ ವಯಸ್ಸು, ಜಾತಿ, ಆದಾಯಗಳ ನಂತರ ಕೊನೆಯ ಷರತ್ತು: ಅರ್ಜಿದಾರರು ತಮ್ಮ ಕೆಲಸ ತಾವೇ ಮಾಡಿಕೊಳ್ಳಲು ಶಕ್ತರಿರಬೇಕು. ನಾವು ಸತ್ಯವನ್ನೇ ಬರೆದೆವು; ಅರ್ಜಿ ತಿರಸ್ಕೃತವಾಯಿತು. ಹೊರಗಿನ ಕಟ್ಟೆಯ ಮೇಲೆ ಕುಳಿತು ಅಜ್ಜ ಕೇಳಿದರು: “ಗುರುಗಳ, ನನ್ನ ಕೆಲಸ ನನಗ ಮಾಡ್ಕೊಳ್ಳಾಕ ಬರತಿದ್ರ ನಾ ಇಲ್ಲಿಗಿ ಯಾಕ ಬರತಿದ್ನಿರಿ?”

ಬಿ.ಎಡ್. ಓದುವಾಗ ನಮಗೆ ನೈದಾನಿಕ ಪರೀಕ್ಷೆಯ ಬಗ್ಗೆ ಕಲಿಸಿದ್ದರು. ಮಗುವಿಗೆ ಯಾವುದು ಬಾರದೆಂದು ತಿಳಿಯುವುದು ಅದನ್ನು ಹೊರಗಟ್ಟಲು ಅಲ್ಲ, ಪರಿಹಾರ ಬೋಧನೆ ನೀಡಲು. ವೃದ್ಧರ ವಿಷಯದಲ್ಲಿ ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ಹೆಚ್ಚು ನೆರವು ಬೇಕಾದವರೇ ಮೊದಲು ನಪಾಸು!

ಅಳೆಯುವ ವಿಧಾನ ತಿಳಿಯದ್ದೇನಲ್ಲ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ 1963ರಲ್ಲಿಯೇ ಆರು ಅಂಶಗಳನ್ನು ಗುರುತಿಸಿದರು: ಸ್ನಾನ, ಉಡುಪು, ಶೌಚ, ಹಾಸಿಗೆಯಿಂದ ಏಳುವುದು, ಮಲಮೂತ್ರಗಳ ಹಿಡಿತ, ಊಟ. ಜಪಾನಿನಲ್ಲಿ 2000ದಿಂದ ವೃದ್ಧರ ಮನೆಗೇ ಹೋಗಿ ವಿಚಾರಿಸಿ, ವೈದ್ಯರ ಅಭಿಪ್ರಾಯವನ್ನೂ ಪಡೆದು, ಅಗತ್ಯವನ್ನು ಹಂತಗಳಲ್ಲಿ (ಈಗ ಏಳು) ನಿರ್ಧರಿಸುತ್ತಾರೆ. ಹಂತ ಏರಿದಷ್ಟೂ ನೆರವು ಹೆಚ್ಚು.

ನಮ್ಮಲ್ಲಿಯೂ ಕಾನೂನಿದೆ. 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯ 19ನೆಯ ಕಲಮು ಜಿಲ್ಲೆಗೊಂದಾದರೂ ವೃದ್ಧಾಶ್ರಮ, ಕನಿಷ್ಠ 150 ಜನರಿಗೆ ಸ್ಥಳ ಎನ್ನುತ್ತದೆ. ಆದರೆ ‘ಸ್ಥಾಪಿಸಬಹುದು’ ಎನ್ನುತ್ತದೆಯೇ ಹೊರತು ‘ಸ್ಥಾಪಿಸಲೇಬೇಕು’ ಎನ್ನುವುದಿಲ್ಲ. ಅದು ಯಾರಿಗಾಗಿ? ನಿರ್ಗತಿಕರಿಗಾಗಿ. ನಡೆದಾಡಬಲ್ಲ ನಿರ್ಗತಿಕರಿಗೆ ಮಾತ್ರ ಎಂದು ಆ ಕಲಮಿನಲ್ಲಿಲ್ಲ.

‘ನೋಡಿಕೊಳ್ಳಲು ಸಿಬ್ಬಂದಿ ಎಲ್ಲಿದ್ದಾರೆ?’ ಎಂದು ಆಶ್ರಮದವರು ಕೇಳಿದರು. ಅವರ ಕಷ್ಟ ಸುಳ್ಳಲ್ಲ. ಆದರೆ ಯಾರಿಗೆ ಎಷ್ಟು ನೆರವು ಬೇಕೆಂಬ ಲೆಕ್ಕವೇ ಇಲ್ಲದೆ ಸಿಬ್ಬಂದಿಯನ್ನು ಕೇಳುವುದಾದರೂ ಹೇಗೆ? ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಮನೆಮನೆಯನ್ನು ಬಲ್ಲ ಆಶಾ ಕಾರ್ಯಕರ್ತೆಯರಿದ್ದಾರೆ. ತಕ್ಕ ಗೌರವಧನ ಕೊಟ್ಟು, ಆ ಆರು ಪ್ರಶ್ನೆಗಳನ್ನು ಅವರಿಂದ ಕೇಳಿಸಿರಿ. ಉತ್ತರಗಳನ್ನು ವೈದ್ಯರು ಪರಿಶೀಲಿಸಲಿ. ತಿರಸ್ಕರಿಸಿದ ಪ್ರತಿ ಅರ್ಜಿಗೂ ಕಾರಣ ಬರೆದಿಡಲಿ.

ಅಜ್ಜನಿಗೆ ಈಗ ನೆರೆಮನೆಯವರು ರೊಟ್ಟಿ ಕೊಡುತ್ತಾರೆ. ಸ್ನಾನಕ್ಕೆ ಮಾತ್ರ ಸೋದರಳಿಯ ಬರುವ ಭಾನುವಾರವನ್ನು ಕಾಯಬೇಕು. ಆ ಕಟ್ಟೆಯ ಮೇಲೆ ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಧಿಕಾರದಲ್ಲಿರುವವರು ಉತ್ತರಿಸಲಿ.